ಎಂಟು ಬಿಸಿಲಿನ ಕಪ್ಪು

ಕಪ್ಪು ಒಡೆದರೆ ಚೂರು ಹೊರಗೆಸೆಯುವ ಕಾಲವಲ್ಲ ಅದು. ಆಗ ಬಂಟ್ವಾಳದ ನಮ್ಮ ಮನೆಯಲ್ಲಿ ಪಿಂಗಾಣಿ ಕಪ್ಪುಗಳೆಂದರೆ ಮಾವ ಮಸ್ಕತ್ತಿನಿಂದ ತಂದ ಆರೇ ಆರು. ಒಂದೊಂದರ ಮೇಲೂ ಒಂದೊಂದು ಕೆಂಪು ಗುಲಾಬಿ.

ಒಂದು ಒಡೆದರೆ ಅಮ್ಮ ಚೂರುಗಳನ್ನೆಲ್ಲ ಹೆಕ್ಕಿ ಜೋಡಿಸಿ ನೋಡುತ್ತಿದ್ದರು. ಎಲೆಯಡಿಕೆಯ ಸುಣ್ಣಕ್ಕೆ ಮೊಟ್ಟೆಯ ಬಿಳಿ ಹಾಕಿ ತಿಕ್ಕಿ, ಅಂಚಿಗೆ ಸವರಿ, ಬಾಳೆನಾರಿನಲ್ಲಿ ಬಿಗಿದು ಕಟ್ಟುತ್ತಿದ್ದರು. ಸೋಮವಾರ ನಮ್ಮಲ್ಲಿ ಮೊಟ್ಟೆ ಮುಟ್ಟುವಂತಿಲ್ಲ. ಆ ದಿನ ಒಡೆದ ಕಪ್ಪು ಮಂಗಳವಾರದವರೆಗೆ ಕಾಯಬೇಕು. ಕಟ್ಟಿದ ಮೇಲೆ ಅಂಗಳದ ಕಟ್ಟೆಯಲ್ಲಿಟ್ಟು ಹೇಳುತ್ತಿದ್ದರು:

"ಎಂಟು ಬಿಸಿಲು ಕಾಣ್ಬೇಕು. ಅಷ್ಟರೊಳಗೆ ಮುಟ್ಟಿದ್ರೆ ಕೈ ಮುರೀತೇನೆ."

ಹಾಗೆ ಅಂಟಿಸಿದ ಕಪ್ಪು ಪುನಃ ಮನೆಯೊಳಗೆ ಬರುತ್ತಿರಲಿಲ್ಲ. ಒಡಕು ಒಳಗಿದ್ದರೆ ಲಕ್ಷ್ಮಿ ನಿಲ್ಲುವುದಿಲ್ಲವಂತೆ. ಅದು ದನದ ಹಟ್ಟಿಯ ಮಾಡಿನಡಿಗೆ, ಕೆಲಸದವರ ಚಹಾಕ್ಕೆ. ಅಮ್ಮನ ಕೈಗುಣವನ್ನು ಬಂದವರೆಲ್ಲ ಹೊಗಳುತ್ತಿದ್ದರು. ಅಷ್ಟು ಕಷ್ಟಪಟ್ಟು ಅಂಟಿಸುವುದು ಇನ್ನೊಬ್ಬರಿಗೆ ಇಡೀ ಕಪ್ಪು ಕೊಡದೆ ಇರಲಿಕ್ಕೆ ಎಂದು ನನಗೆ ಹೊಳೆಯಲು ಬಹಳ ವರ್ಷ ಬೇಕಾಯಿತು.

ಎರಡು ಕಪ್ಪು ಹೀಗೆ ಗಂಡಾಳುಗಳ ಪಾಲಾಗಿದ್ದವು. ಹಟ್ಟಿ ಗುಡಿಸುವ ಅಪ್ಪಿಗೆ ಮಾತ್ರ ಇನ್ನೂ ತೆಂಗಿನ ಗೆರಟೆ. ಬೆಳಿಗ್ಗೆ ನಮ್ಮಲ್ಲಿ ಕೆಲಸ, ಮಧ್ಯಾಹ್ನದ ಮೇಲೆ ಅವಳು ತನ್ನ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದಳು. ನನ್ನನ್ನು ತುಳುವಿನಲ್ಲಿ ಪ್ರೀತಿಯಿಂದ 'ಬಾಲೆ' ಎನ್ನುತ್ತಿದ್ದವಳು ಅವಳೊಬ್ಬಳೇ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಮೂರನೆಯ ಕಪ್ಪು ಒಡೆಯಿತು. "ಇದು ಅಪ್ಪಿಗೆ ಇರಲಿ" ಎಂದರು ಅಮ್ಮ. ಓಡಿಹೋಗಿ ಹೇಳಿದೆ.

"ಗುಲಾಬಿ ನನ್ನ ಮುಖಕ್ಕೇ ಇರ್ಬೇಕು ಬಾಲೆ," ಎಂದು ಅಪ್ಪಿ ನಕ್ಕಳು. "ಆಚೆ ಬದಿಯಲ್ಲಿದ್ರೆ ನಂಗೆ ಬೇಡ ಮಾರಾಯ್ತಿ."

ಎಂಟು ಬಿಸಿಲು ಕಾಯುವ ತಾಳ್ಮೆ ನನಗಿರಲಿಲ್ಲ. ಮೂರನೆಯ ದಿನ ಅಮ್ಮ ಬಾವಿಕಟ್ಟೆಗೆ ಹೋದಾಗ ನಾರು ಬಿಚ್ಚಿದೆ. ಕಪ್ಪು ಗಟ್ಟಿಯಾಗಿಯೇ ಕಂಡಿತು. ಒಲೆಯ ಮೇಲಿನ ಬೆಲ್ಲದ ಚಹಾ ತುಂಬಿಸಿ, ಗುಲಾಬಿ ಅವಳ ಕಡೆಗೆ ತಿರುಗಿಸಿ ಅಪ್ಪಿಗೆ ಕೊಟ್ಟೆ. ಅವಳು ಎರಡೂ ಕೈಯಲ್ಲಿ ಹಿಡಿದು ಗುಲಾಬಿಯನ್ನೇ ನೋಡಿದಳು. ಅಷ್ಟರಲ್ಲಿ ಅಂಟು ಬಿಟ್ಟಿತು. ಕುದಿಯುವ ಚಹಾ ಅವಳ ಬಲಗೈ ಮೇಲೆ.

ಕೂಗು ಕೇಳಿ ಅಮ್ಮ ಓಡಿ ಬಂದರು. ಮೊದಲು ಬಗ್ಗಿದ್ದು ಕಪ್ಪಿನ ಚೂರು ಹೆಕ್ಕಲಿಕ್ಕೆ.

"ಯಾರು ತೆಗೆದದ್ದು ಇದನ್ನು?"

ಅಪ್ಪಿ ನನ್ನನ್ನೇ ನೋಡಿದಳು. ಕಾದಳು. ನಾನು ನೆಲ ನೋಡಿದೆ.

"ನಾನೇ ಅಮ್ಮ," ಎಂದಳು. "ಹೂ ಕಂಡು ಆಸೆ ಆಯ್ತು."

"ಎಂಟು ಬಿಸಿಲು ಕಾಯ್ಲಿಕ್ಕೆ ಆಗ್ಲಿಲ್ವಾ? ಇಷ್ಟು ವರ್ಷ ಗೆರಟೆಯಲ್ಲಿ ಕುಡಿದವಳು, ಇನ್ನು ಐದು ದಿನ ಕುಡಿದ್ರೆ ಸಾಯ್ತಿದ್ಯಾ?"

ಆ ಕೈಯಲ್ಲಿ ತಿಂಗಳವರೆಗೆ ಬೀಡಿ ಕಟ್ಟಲಾಗಲಿಲ್ಲ. ಕಟ್ಟಲಿಕ್ಕೆ ಅವಳ ಮಗಳು ಶಾಲೆ ಬಿಟ್ಟು ಕೂತಳು. ನನ್ನದೇ ಕ್ಲಾಸು. ಮತ್ತೆ ಶಾಲೆಗೆ ಬರಲಿಲ್ಲ.

ಕೈಯ ಗಾಯ ಮಾಗಿ ಅಪ್ಪಿ ಕೆಲಸಕ್ಕೆ ಬಂದ ದಿನ ನಾನು ಹಟ್ಟಿಗೆ ಓಡಿದೆ. ಅವಳು ಬದಿಗೆ ಸರಿದು ನಿಂತಳು. "ಸೆಗಣಿ ಉಂಟು ಅಮ್ಮ, ಕಾಲು ನೋಡಿ ಇಡಿ." ನನ್ನ ತಾಯಿಯನ್ನು ಕರೆಯುವ ಹಾಗೆಯೇ ಎಂಟು ವರ್ಷದ ನನ್ನನ್ನೂ ಕರೆದಳು.

ಈಗ ನನ್ನ ಅಡುಗೆಮನೆಯಲ್ಲಿ ಕಪ್ಪುಗಳಿಗೆ ಲೆಕ್ಕವಿಲ್ಲ. ಒಡೆದರೆ ಕಸದ ಗಾಡಿಗೆ. ಮೊನ್ನೆ ಬಿ.ಸಿ.ರೋಡಿನ ಹತ್ತಿರ ಅಪ್ಪಿಯ ಮಗಳ ಮನೆಗೆ ಹೋಗಿದ್ದೆ. ಮಗಳು ಬೀಡಿ ಕಟ್ಟುತ್ತಾ ಕೂತಿದ್ದಳು. ಅಪ್ಪಿಯ ಬೆರಳು ಪೂರ್ತಿ ಮಡಚುವುದಿಲ್ಲ, ಆದರೂ ತನ್ನ ಅನ್ನ ತಾನೇ ಕಲಸಿ ಉಣ್ಣುತ್ತಾಳೆ. ದೇವರು ಅಷ್ಟಾದರೂ ಉಳಿಸಿದ್ದಾನೆ ಎಂದು ಕೈಮುಗಿದೆ. ಆಮೇಲೆ ಬಾಯಿಬಿಟ್ಟೆ.

"ಅವತ್ತು ಕಪ್ಪು ತೆಗೆದದ್ದು ನಾನು, ಅಪ್ಪಿ."

"ನಂಗೆ ಗೊತ್ತಿಲ್ವಾ?" ಎಂದು ನಕ್ಕಳು. "ಕೊಟ್ಟದ್ದು ನನ್ನ ಕೈಗೇ ಅಲ್ವಾ! ಆಗ ಹೇಳಿದ್ರೆ ಒಳ್ಳೇದಿತ್ತು."

ಮಗಳು ಎದ್ದು ಚಹಾ ತಂದಳು. ನನಗೆ ಹೊಸ ಪಿಂಗಾಣಿ ಕಪ್ಪು, ಅವರಿಬ್ಬರಿಗೆ ಸ್ಟೀಲಿನ ಲೋಟ. ಅಪ್ಪಿ ಕಪ್ಪಿನ ಹೂವನ್ನು ನನ್ನ ಮುಖಕ್ಕೆ ತಿರುಗಿಸಿ ಇಟ್ಟಳು.

"ಬಿಸಿ ಉಂಟು ಅಮ್ಮ. ನೋಡಿ ಹಿಡ್ಕೊಳ್ಳಿ."