ಓವನ್ ಹಚ್ಚಿಟ್ಟು ಓಡಿದವಳು

ನನ್ನ ಹೆಂಡತಿ ನಲವತ್ತೆಂಟನೇ ವಯಸ್ಸಿನಲ್ಲಿ ಓಡಲು ಶುರು ಮಾಡಿದಳು. ಯಾರಿಂದ ತಪ್ಪಿಸಿಕೊಳ್ಳೋಕೆ ಎಂದು ಗೆಳೆಯರು ಕೇಳಿದಾಗ ನನ್ನಿಂದಲೇ ಎಂದು ನಾನೇ ಹೇಳಿ ಅವರ ಬಾಯಿ ಮುಚ್ಚಿಸಿದೆ. ನಿಜವಾಗಿ ಅವಳು ಮೊದಲು ಓಡಿದ್ದು ಬಸ್ಸಿನ ಹಿಂದೆ.

ಅವಳದು ಬಟ್ಟೆಯ ಅಳತೆ ಸರಿಪಡಿಸುವ ಕೆಲಸ. ಹೊಸದನ್ನು ಹೊಲಿಯುವುದಿಲ್ಲ. ದೊಡ್ಡದನ್ನು ಚಿಕ್ಕದು ಮಾಡುತ್ತಾಳೆ, ಬಿಗಿಯಾದದ್ದನ್ನು ಬಿಚ್ಚಿ ಸಡಿಲ ಮಾಡುತ್ತಾಳೆ, ಕಿತ್ತುಹೋದ ಜಿಪ್ ಹಾಕಿಕೊಡುತ್ತಾಳೆ. ಅವಳ ಅಂಗಡಿ ರಸ್ತೆಯ ಮಟ್ಟಕ್ಕಿಂತ ಮೂರು ಮೆಟ್ಟಿಲು ಕೆಳಗಿದೆ. ಹೊಲಿಗೆ ಯಂತ್ರದ ಮುಂದೆ ಕೂತರೆ ಕಿಟಕಿಯಲ್ಲಿ ಕಾಣುವುದು ಬೀದಿಯಲ್ಲಿ ಹೋಗಿಬರುವವರ ಕಾಲುಗಳು ಮಾತ್ರ. ಇಪ್ಪತ್ತೆರಡು ವರ್ಷ ಅವಳು ಆ ಕಾಲುಗಳನ್ನೇ ನೋಡುತ್ತಾ ಹೊಲಿದಿದ್ದಾಳೆ. ಇವರು ಬ್ಯಾಂಕಿನವರು, ಇವರಿಗೆ ಇವತ್ತು ಮನೆಯಲ್ಲಿ ಜಗಳವಾಗಿದೆ, ಇವರ ಬೂಟು ಹೊಸದು, ಕಚ್ಚುತ್ತಿದೆ ಎಂದು ಮುಖ ನೋಡದೆಯೇ ಹೇಳಿಬಿಡುತ್ತಾಳೆ. ಸೊಂಟದ ಅಳತೆ ಹೋದ ವರ್ಷದ್ದೇ ಇಟ್ಟುಬಿಡಿ ಎಂದು ಗಿರಾಕಿಗಳು ಗೋಗರೆದರೂ ಟೇಪು ಹಿಡಿದೇ ಹಿಡಿಯುತ್ತಾಳೆ. ಈ ವಿಷಯದಲ್ಲಿ ಅವಳು ಯಾರ ಮುಲಾಜಿಗೂ ಬೀಳುವವಳಲ್ಲ.

ಒಂದು ದಿನ ಬೆಳಿಗ್ಗೆ ಎಂಟೂವರೆಯ ಬಸ್ಸು ಅವಳ ಕಣ್ಣೆದುರೇ ಹೊರಟಿತು. ಊಟದ ಡಬ್ಬಿ, ಕೊಡೆ, ಯಾರದೋ ಕೋಟು ಎಲ್ಲವನ್ನೂ ಅವುಚಿಕೊಂಡು ಓಡಿದಳು. ಬಸ್ಸು ತಿರುವಿನಲ್ಲಿ ಮರೆಯಾಯಿತು. ಇವಳು ಮಾತ್ರ ನಿಲ್ಲಲಿಲ್ಲ. ಒಂದು ನಿಲ್ದಾಣ ದಾಟಿದಳು, ಎರಡನೆಯದನ್ನೂ ದಾಟಿದಳು. ಅವತ್ತು ಸಂಜೆ ಟೀ ಲೋಟ ಹಿಡಿದುಕೊಂಡು, ಗೋಡೆಯಾಚೆ ಏನೋ ಕಾಣುತ್ತಿರುವವಳ ಹಾಗೆ ಕೂತಿದ್ದಳು.

"ಬಸ್ಸು ಸಿಗ್ಲಿಲ್ವಾ?" ಅಂದೆ.

"ಇಲ್ಲ ರೀ. ಓಡ್ತಾ ಓಡ್ತಾ ಬಸ್ಸೇ ಮರ್ತೋಯ್ತು. ಯಾಕೆ ಓಡ್ತಿದೀನಿ ಅನ್ನೋದೂ ಮರ್ತೋಯ್ತು. ಎಷ್ಟು ಹಗುರ ಆಗಿತ್ತು ಗೊತ್ತಾ?"

ನನಗೆ ಗೊತ್ತಿರಲಿಲ್ಲ. ನಾನು ರಿಪೇರಿಯವನು. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಫ್ಯಾನು ಬಿಚ್ಚಿ ಹರವಿಕೊಂಡು ದಿನವಿಡೀ ಒಂದೇ ಸ್ಟೂಲಿನ ಮೇಲೆ ಕೂರುತ್ತೇನೆ. ಕೆಟ್ಟದ್ದು ಕಣ್ಣಿಗೆ ಬಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಈ ಚಟದಿಂದಲೇ ಮುಂದಿನದೆಲ್ಲ ಆದದ್ದು.

ಅವಳು ದಿನಾ ಮುಂಜಾನೆ ಹೊರಡತೊಡಗಿದಳು. ಮೊದಮೊದಲು ಅಂಚೆ ಕಚೇರಿಯವರೆಗೆ, ಆಮೇಲೆ ನೀರಿನ ಟ್ಯಾಂಕಿನವರೆಗೆ, ಕೊನೆಗೆ ಶಾಲೆಯ ಉದ್ದನೆಯ ಗೋಡೆ ಹಿಡಿದು, ಕೊಳ ಸುತ್ತಿ, ಸೇತುವೆ ಮುಟ್ಟಿ ವಾಪಸು. ಒಟ್ಟು ಐದು ಕಿಲೋಮೀಟರು. ಬಂದಮೇಲೆ ಅರ್ಧ ಗಂಟೆ ಅವಳು ಈ ಲೋಕದಲ್ಲಿ ಇರುತ್ತಿರಲಿಲ್ಲ. ಕೊಳದ ಮೇಲೆ ಮಂಜು ಬಿದ್ದಿತ್ತು, ಕಾಲು ನನ್ನದಲ್ಲ ಅನ್ನಿಸ್ತು, ಯಾರೋ ಮೆಲ್ಲಗೆ ಎತ್ತಿ ಇಡ್ತಾ ಇದ್ದ ಹಾಗಿತ್ತು ಎಂದೆಲ್ಲ ಹೇಳುತ್ತಿದ್ದಳು. ಇಪ್ಪತ್ತೆರಡು ವರ್ಷ ಕಿಟಕಿಯಿಂದ ನೋಡಿದ ಕಾಲುಗಳ ಪೈಕಿ ಈಗ ತನ್ನವೂ ಎರಡು ಸೇರಿವೆ ಎನ್ನುವುದು ಅವಳಿಗೆ ದೊಡ್ಡ ಸಂಭ್ರಮವಾಗಿತ್ತು.

ಓಡಿ ಬಂದಮೇಲೆ ವಿಪರೀತ ಹಸಿವು. ಅಂಗಡಿಯ ಕೇಕು, ಬಿಸ್ಕತ್ತು ತಿಂದರೆ ಓಡಿದ್ದೆಲ್ಲ ನೀರಿನಲ್ಲಿ ಹೋಮ ಎಂದು ತಾನೇ ಮಾಡಲು ಹೊರಟಳು. ಒಬ್ಬರು ಗಿರಾಕಿ ರಿಪೇರಿಗೆ ಕೊಟ್ಟು ಮರೆತೇಬಿಟ್ಟಿದ್ದ ಹಳೆಯ ಓವನ್ ಒಂದು ನನ್ನ ಹತ್ತಿರ ಐದು ವರ್ಷದಿಂದ ಬಿದ್ದಿತ್ತು. ಅದನ್ನು ಸರಿಮಾಡಿ ಅಡುಗೆಮನೆಯಲ್ಲಿ ಇಟ್ಟೆ. ಕಳಿತ ಬಾಳೆಹಣ್ಣು ಕಿವುಚಿ, ಓಟ್ಸು, ಖರ್ಜೂರ, ಹುರಿದ ಕಡಲೆಕಾಯಿ ಬೀಜ ಬೆರೆಸಿ, ತಟ್ಟೆಯಲ್ಲಿ ಎರಡು ಬೆರಳು ದಪ್ಪ ತಟ್ಟಿ ಒಳಗಿಟ್ಟಳು. ಸಕ್ಕರೆ ಇಲ್ಲ, ಬೆಣ್ಣೆ ಇಲ್ಲ. ಮೊದಲ ಸಲದ್ದನ್ನು ಬಾಗಿಲಿಗೆ ಅಡ್ಡ ಇಟ್ಟರೆ ಗಾಳಿಗೆ ಬಾಗಿಲು ಅಲ್ಲಾಡುತ್ತಿರಲಿಲ್ಲ. ನಾಲ್ಕನೆಯ ಸಲಕ್ಕೆ ಹದ ಸಿಕ್ಕಿತು. ಅಂಚು ಗರಿಗರಿ, ಒಳಗೆ ಮೆತ್ತಗೆ, ಖರ್ಜೂರ ಕರಗಿ ಅಂಟಂಟು. ನಾನು ಅದಕ್ಕೆ ಓಟದ ಬಿಲ್ಲೆ ಎಂದು ಹೆಸರಿಟ್ಟೆ. ಓಡದ ನಾನೇ ಹೆಚ್ಚು ತಿನ್ನುತ್ತಿದ್ದೆ.

ಬಿಲ್ಲೆ ಬೇಯಲು ಸರಿಯಾಗಿ ನಲವತ್ತು ನಿಮಿಷ ಬೇಕು. ಅದೇ ಅವಳ ಗಡಿಯಾರವಾಯಿತು. ಕೈಗೆ ವಾಚು ಕಟ್ಟಿಕೊಂಡರೆ ಕೈಯನ್ನೇ ನೋಡುತ್ತಾ ಓಡುತ್ತೇನೆ, ಕೊಳ ನೋಡುವುದು ಯಾವಾಗ ಎನ್ನುತ್ತಿದ್ದಳು. ತಟ್ಟೆ ಒಳಗಿಟ್ಟು, ಲೇಸು ಬಿಗಿದು ಹೊರಟುಬಿಡುವಳು. ತಾನು ಬರುವ ತನಕ ಯಾರೂ ಓವನ್ ಬಾಗಿಲು ಮುಟ್ಟಕೂಡದು.

"ಸುಟ್ಟೋದ್ರೆ?" ಎಂದೆ ನಾನು.

"ಸುಡ್ಲಿ. ಲೇಟಾಗಿ ಬಂದವಳಿಗೆ ಸುಟ್ಟಿದ್ದೇ ಗತಿ."

ಸುಡುತ್ತಲೇ ಇತ್ತು. ದಿನಾ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಕಂಬಳಿ ಹೊದ್ದು ಕೂರುತ್ತಿದ್ದೆ. ಓವನ್ನಿನ ಪುಟ್ಟ ಗಾಜಿನಲ್ಲಿ ಹಳದಿ ಬೆಳಕು, ಹೊರಗೆ ಇನ್ನೂ ಬಣ್ಣ ಬಾರದ ಬೀದಿ. ಬಾಳೆಹಣ್ಣಿನ ಪರಿಮಳ ಮೆಲ್ಲಗೆ ಎದ್ದು ಕೋಣೆಯಿಂದ ಕೋಣೆಗೆ ಹೋಗುವುದು. ಎದ್ದಿದ್ದೇನೋ ಮಲಗಿದ್ದೇನೋ ನನಗೇ ತಿಳಿಯುತ್ತಿರಲಿಲ್ಲ. ಅವಳು ಈಗ ಶಾಲೆಯ ಗೋಡೆ, ಈಗ ಕೊಳ, ಈಗ ಸೇತುವೆ ಎಂದು ಅರೆನಿದ್ದೆಯಲ್ಲಿ ನಾನೂ ಅವಳ ಹಿಂದೆ ಓಡುತ್ತಿದ್ದೆ. ಅಷ್ಟರಲ್ಲಿ ಸುಟ್ಟ ವಾಸನೆ ಮೂಗಿಗೆ ಬಡಿಯುವುದು. ಅದಾಗಿ ಐದಾರು ನಿಮಿಷಕ್ಕೆ ಬಾಗಿಲಲ್ಲಿ ಅವಳು.

ಮೂರು ತಿಂಗಳು ಹೀಗೇ ಆಯಿತು. ಒಂದು ದಿನ ತಟ್ಟೆ ಹೊರಗೆಳೆದು ಕರಿ ಅಂಚು ನೋಡಿ ನೆಲದ ಮೇಲೆ ಕೂತುಬಿಟ್ಟಳು. "ನನ್ನ ಕೈಲಿ ಇಷ್ಟೇ ಬಿಡಿ. ವಯಸ್ಸಾಯ್ತು" ಅಂದಳು. ಮಾರನೆಯ ದಿನ ಓಡಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಬೂಟು ಮೂಲೆ ಸೇರಿತು. ಅವಳು ಎಂಟೂವರೆಯ ಬಸ್ಸು ಹಿಡಿದು ಹೋಗಿ ಸಂಜೆ ಬಸ್ಸಿನಲ್ಲೇ ಮರಳಿ ಬರುತ್ತಿದ್ದಳು, ಕೊಳದ ಸುದ್ದಿ ಎತ್ತುತ್ತಿರಲಿಲ್ಲ. ಮನೆಯಲ್ಲಿ ಕರೆಂಟು ಹೋದ ಹಾಗಿತ್ತು. ನನಗೆ ತಡೆಯಲಾಗಲಿಲ್ಲ.

ಓವನ್ನಿನ ಬೆನ್ನಿಗೆ, ಶಾಖವನ್ನು ಹತೋಟಿಯಲ್ಲಿಡುವ ಒಂದು ಸಣ್ಣ ತಿರುಪು ಇದೆ. ಅವಳು ಅಂಗಡಿಗೆ ಹೋದಾಗ, ಶಾಖ ತುಸು ತಗ್ಗಲಿ ಎಂದು ಅದನ್ನು ಕಾಲು ಸುತ್ತು ಸಡಿಲಿಸಿದೆ. ಸಂಜೆ, "ನಾಳೆ ಒಂದ್ಸಲ ಹೋಗ್ಬಾ, ನಂಗೆ ಬಿಲ್ಲೆ ತಿನ್ನೋ ಆಸೆ ಆಗಿದೆ" ಎಂದು ಪುಸಲಾಯಿಸಿದೆ. ಹೋದಳು. ಬಂದು ತಟ್ಟೆ ಎಳೆದಳು. ಬಿಲ್ಲೆ ಹೊಂಬಣ್ಣಕ್ಕಿಂತ ತುಸು ಕಂದು, ಅಷ್ಟೇ. ಅವಳು ಬೆವರು ಒರೆಸಿಕೊಳ್ಳುವುದನ್ನೂ ಮರೆತು ಅದನ್ನೇ ನೋಡಿದಳು. ಒಂದು ವಾರ ಬಿಟ್ಟು ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿದೆ, ತಿಂಗಳಿಗೆ ಮತ್ತೊಂದಿಷ್ಟು. ಬಿಲ್ಲೆ ಚಿನ್ನದ ಬಣ್ಣಕ್ಕೆ ಬಂತು. ಗಡಿಯಾರದ ಲೆಕ್ಕದಲ್ಲಿ ಅವಳು ಬರುತ್ತಿದ್ದುದು ನಲವತ್ತಾರು ನಿಮಿಷಕ್ಕೇ, ಆದರೆ ನೋಡಿಕೊಳ್ಳುತ್ತಿದ್ದವನು ನಾನೊಬ್ಬನೇ. ಅವಳು ಹಾಡು ಗುನುಗುತ್ತಾ ಬಿಲ್ಲೆ ಕತ್ತರಿಸುತ್ತಿದ್ದಳು, ಗಿರಾಕಿಗಳಿಗೂ ಕಾಗದದಲ್ಲಿ ಸುತ್ತಿಕೊಂಡು ಹೋಗುತ್ತಿದ್ದಳು. ಮದುವೆಯಾದ ಹೊಸದರಲ್ಲೂ ಅವಳನ್ನು ನಾನು ಇಷ್ಟು ಖುಷಿಯಾಗಿ ನೋಡಿರಲಿಲ್ಲ. ಎಂಥ ಒಳ್ಳೇ ರಿಪೇರಿ ಮಾಡಿದೆ ಎಂದು ಬೆನ್ನು ತಟ್ಟಿಕೊಂಡೆ.

ಒಂದು ಸಂಜೆ ಅವಳು ಒಂದು ಚೀಟಿ ಹಿಡಿದು ಬಂದಳು. ಊರ ಓಟ, ಹತ್ತು ಕಿಲೋಮೀಟರು. ತೊಂಬತ್ತು ನಿಮಿಷದೊಳಗೆ ಮುಗಿಸಿದವರಿಗೆ ಪದಕ, ಪಟ್ಟಿಯಲ್ಲಿ ಹೆಸರು. ತೀರಾ ಹಿಂದುಳಿದವರನ್ನು ಹತ್ತಿಸಿಕೊಳ್ಳಲು ಹಿಂದಿನಿಂದ ಒಂದು ವ್ಯಾನು ಬರುತ್ತದಂತೆ.

"ಹೆಸರು ಕೊಟ್ಟು ಬಂದೆ ರೀ. ಐದಕ್ಕೆ ನಲವತ್ತು, ಹತ್ತಕ್ಕೆ ಎಂಬತ್ತು. ಸುಸ್ತಾದ್ರೂ ಹತ್ತು ನಿಮಿಷ ಕೈಯಲ್ಲೇ ಇದೆ."

ಟೀ ನನ್ನ ನೆತ್ತಿಗೇರಿತು. ನಲವತ್ತಾರು ಮತ್ತು ನಲವತ್ತಾರು ತೊಂಬತ್ತೆರಡು. ಅಷ್ಟೂ ಜನರೆದುರು, ವ್ಯಾನು ಬೆನ್ನಿಗೆ ಬಿದ್ದಿರುವಾಗ ಅವಳಿಗೆ ತನ್ನ ನಿಜವಾದ ವೇಗ ಗೊತ್ತಾಗುತ್ತದೆ. ಆಮೇಲೆ ಅವಳು ಓಡುತ್ತಾಳೆಯೇ? ನನ್ನ ಮಾತು ನಂಬುತ್ತಾಳೆಯೇ? ಓಟಕ್ಕೆ ಮೂರು ವಾರ ಇತ್ತು. ದಿನಾ ಹೇಳಬೇಕೆಂದು ಬಾಯಿ ತೆರೆಯುತ್ತಿದ್ದೆ, ಅವಳ ಮುಖ ನೋಡಿ ಬಾಯಿಗೆ ಬಿಲ್ಲೆ ತುರುಕಿಕೊಳ್ಳುತ್ತಿದ್ದೆ.

ಮೂರು ದಿನ ಉಳಿದಾಗ ಹೇಡಿಯ ಉಪಾಯ ಹೂಡಿದೆ. ತಿರುಪನ್ನು ಮೊದಲಿದ್ದಲ್ಲಿಗೆ ತಂದಿಟ್ಟೆ. ಬಿಲ್ಲೆ ಸುಟ್ಟರೆ ಅವಳಿಗೇ ಅರ್ಥವಾಗಲಿ ಎಂದು. ಬಿಲ್ಲೆ ಇದ್ದಿಲಾಯಿತು. ಅವಳು ತಟ್ಟೆ ನೋಡಿ ನಕ್ಕಳು.

"ಓವನ್ ಕೆಟ್ಟಿದೆ ನೋಡಿ. ಬೇಗ ರಿಪೇರಿ ಮಾಡ್ಕೊಡಿ."

ಅವಳಿಗೆ ತನ್ನ ಕಾಲಿನ ಮೇಲೆ ಅಷ್ಟು ನಂಬಿಕೆ ಬಂದಿತ್ತು.

"ಓವನ್ ಕೆಟ್ಟಿಲ್ಲ ಕಣೇ. ಇವತ್ತೇ ಅದು ಸರಿಯಾಗಿರೋದು."

ಎಲ್ಲ ಹೇಳಿದೆ. ತಿರುಪು, ಕಾಲು ಸುತ್ತು, ಕೂದಲೆಳೆ, ನಲವತ್ತಾರು ನಿಮಿಷ. ಅವಳು ಸುಟ್ಟ ಬಿಲ್ಲೆಯ ಒಂದು ಚೂರು ಮುರಿದು ನಿಧಾನವಾಗಿ ಅಗಿದಳು.

"ಚಿಕ್ಕವಳಿದ್ದಾಗ ಓಟದಲ್ಲಿ ದಿನಾ ನಾನೇ ಫಸ್ಟು," ಅಂದಳು. "ನಮ್ಮಣ್ಣಂದಿರು ಇಬ್ರೂ ಹಿಂದೆ. ನಂಗೆ ಹನ್ನೆರಡು ವರ್ಷ ಆದಾಗ ಗೊತ್ತಾಯ್ತು, ಇಬ್ರೂ ಬೇಕಂತಲೇ ನಿಧಾನಕ್ಕೆ ಓಡ್ತಿದ್ರು. ಪಾಪ, ಪ್ರೀತಿಗೇ ಮಾಡಿದ್ದು. ಅವತ್ತು ಬಿಟ್ಟೋಳು, ಆಮೇಲೆ ಓಡಿದ್ದು ಆ ಬಸ್ಸಿನ ಹಿಂದೇನೇ. ನೀವೂ ಅದನ್ನೇ ಮಾಡಿದ್ರಲ್ಲ."

ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ಎರಡು ದಿನ ಅವಳು ಬೇಕಾದಷ್ಟೇ ಮಾತಾಡಿದಳು. ಬೆಳಿಗ್ಗೆ ಓಡಿದಳು, ಓವನ್ ಹಚ್ಚಲಿಲ್ಲ. ಭಾನುವಾರ, ಓಟದ ದಿನ, ಎದ್ದು ನೋಡಿದರೆ ಲೇಸು ಕಟ್ಟುತ್ತಿದ್ದಳು.

"ಹೋಗ್ತೀಯಾ?" ಅಂದೆ.

"ಹೋಗ್ದೆ ಮತ್ತೆ?" ಅಂದಳು. ಬರಬೇಡಿ ಎನ್ನಲಿಲ್ಲ. ನಾನು ಹಿಂದೆಯೇ ಹೋದೆ.

ಬೀದಿಯೆಲ್ಲ ಮಂಜು. ಓಟ ಶುರುವಾದಾಗ ನೂರಾರು ಬೆನ್ನುಗಳು ಆ ಬಿಳುಪಿನೊಳಗೆ ಸದ್ದಿಲ್ಲದೆ ಹೋಗಿ ಕರಗಿದವು. ಅವಳ ನೀಲಿ ಅಂಗಿಯೂ ಕರಗಿತು. ನಾನು ಓಟ ಮುಗಿಯುವ ಗೆರೆಯ ಬಳಿ ನಿಂತೆ. ಸಮಯ ಎಲ್ಲೋ ಸಿಕ್ಕಿಹಾಕಿಕೊಂಡ ಹಾಗಿತ್ತು. ಒಬ್ಬೊಬ್ಬರೇ ಮಂಜಿನಿಂದ ಮೂಡಿ ಬಂದರು, ಕೈ ಎತ್ತಿದರು, ಪದಕ ಹಾಕಿಸಿಕೊಂಡರು. ಬಿಸಿಲು ಮೇಲೆ ಬಂತು. ಎಂಬತ್ತು ನಿಮಿಷವಾಯಿತು. ಜನ ತೆಳುವಾದರು. ಎಂಬತ್ತೆಂಟನೆಯ ನಿಮಿಷಕ್ಕೆ ರಸ್ತೆಯ ಆ ತುದಿಯಲ್ಲಿ ನೀಲಿ ಅಂಗಿ ಕಂಡಿತು. ಹಿಂದೆ ತೆವಳುತ್ತಾ ವ್ಯಾನು.

ಸುತ್ತ ಇದ್ದವರು, "ಬಂದೇಬಿಟ್ರಿ, ಇನ್ನೇನು ಇಲ್ಲೇ ಇದೆ" ಎಂದು ಚಪ್ಪಾಳೆ ತಟ್ಟಿದರು. ನನಗೂ ಬಾಯಿತುದಿಗೆ ಅದೇ ಬಂತು. ಅದನ್ನು ನುಂಗಿಕೊಂಡು ಕಿರುಚಿದೆ:

"ಇನ್ನೂ ನಾನೂರು ಮೀಟರ್ ಇದೆ ಕಣೇ! ಇರೋದು ಎರಡೇ ನಿಮಿಷ! ಸಾಲಲ್ಲ! ಓಡು!"

ಪಕ್ಕದವರು ಇವನೆಂಥ ಗಂಡ ಎನ್ನುವ ಹಾಗೆ ನೋಡಿದರು. ಅವಳಿಗೆ ಕೇಳಿಸಿತು. ಮೂರು ದಿನಗಳಲ್ಲಿ ಮೊದಲ ಸಲ ಅವಳು ನಕ್ಕಳು. ತಲೆ ಬಗ್ಗಿಸಿ ಓಡಿದಳು. ವ್ಯಾನು ಹಿಂದೆ ಉಳಿಯಿತು. ಗೆರೆ ದಾಟಿ ಮೊಣಕಾಲಿಗೆ ಕೈ ಊರಿ ನಿಂತಳು.

ಮೇಜಿನ ಹಿಂದೆ ಸಮಯ ಬರೆದುಕೊಳ್ಳುತ್ತಿದ್ದ ಹಿರಿಯ ಹೆಂಗಸು ಗಡಿಯಾರ ನೋಡಿ, ಇವಳನ್ನು ನೋಡಿ ಮೆಲ್ಲಗೆ ಹೇಳಿದರು.

"ತೊಂಬತ್ತೊಂದು ನಿಮಿಷ ಹತ್ತು ಸೆಕೆಂಡು. ಇಷ್ಟು ಓಡಿದೀರಮ್ಮ, ಒಂದು ನಿಮಿಷದ್ದೇನು ಮಹಾ. ತೊಂಬತ್ತು ಅಂತಲೇ ಬರ್ಕೋತೀನಿ, ಪದಕ ತಗೊಳ್ಳಿ."

ಹೂಂ ಅಂದುಬಿಡು, ಯಾರು ನೋಡುತ್ತಾರೆ ಎಂದು ನನ್ನ ನಾಲಿಗೆ ತುರಿಸಿತು. ಹಲ್ಲು ಕಚ್ಚಿ ನಿಂತೆ.

"ಬೇಡ," ಅಂದಳು ಅವಳು, ಏದುಸಿರು ಬಿಡುತ್ತಾ. "ಎಷ್ಟು ಬಂತೋ ಅಷ್ಟೇ ಬರೀರಿ."

"ಪಟ್ಟಿಯಲ್ಲಿ ಹೆಸರು ಬರಲ್ಲಮ್ಮ."

"ಬರ್ದೇ ಇರ್ಲಿ. ಒಂದು ಚೀಟೀಲಿ ಬರ್ದುಕೊಡಿ, ಸಾಕು."

ಆ ಹೆಂಗಸು ಚೀಟಿ ಹರಿದು ಬರೆದುಕೊಟ್ಟರು. ಅವಳು ಅದನ್ನು ಎರಡು ಸಲ ಓದಿಕೊಂಡು, ಬೆವರು ತಾಗದ ಹಾಗೆ ಎರಡು ಬೆರಳಲ್ಲಿ ಹಿಡಿದು ನನ್ನೆದುರು ಎತ್ತಿ ತೋರಿಸಿದಳು. ಅವಳ ಕಣ್ಣು ತುಂಬಿತ್ತು.

"ನೋಡಿ," ಅಂದಳು. "ಇದು ನಂದು. ಯಾರೂ ಕೊಟ್ಟಿದ್ದಲ್ಲ."

ನಾನು ಚೀಟಿಯನ್ನು ಮುಟ್ಟಲಿಲ್ಲ. ಅವಳಿಗೆ ಕುಡಿಯಲು ನೀರು ತರಲು ಹೋದೆ.