ಚೀಲದ ಮರದ ಚುಕ್ಕಿಗಳು

ಮಲ್ಲಂದೂರಿನಾಚೆ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಆಳುಗಳ ಹಾಜರಿ, ಕೊಯ್ದ ಹಣ್ಣಿನ ತೂಕ, ಮಳೆಯ ಅಳತೆ ಬರೆಯುವುದು ನನ್ನ ಕೆಲಸ. ಆ ಚಾಳಿ ಮನೆಗೂ ಬಂದಿದೆ. ಸ್ವಂತದ ಡೈರಿಯಲ್ಲೂ ತಾರೀಖು ಹಾಕಿ, ಗೀಟು ಎಳೆದು, ಕಂಡದ್ದನ್ನೆಲ್ಲ ಎಣಿಸಿಡುತ್ತೇನೆ. ಹೋದ ಕೊಯ್ಲಿನ ಪುಟಗಳಲ್ಲಿ ‘ಆನೆ’ ಎಂಬ ಕಾಲಂ ಒಂದಿದೆ. ಅದರಲ್ಲಿ ಗೀಟುಗಳು ಹೆಚ್ಚುತ್ತಾ ಹೋದಾಗ ತೋಟದ ಸಾಹುಕಾರರು ಎಲ್ಲರ ಫೋನಿಗೂ ಒಂದು ಆ್ಯಪ್ ಹಾಕಿಸಿದರು.

ಯಾರಾದರೂ ಆನೆ ಕಂಡು ಗುರುತು ಹಾಕಿದರೆ ಸುತ್ತಲಿನ ಫೋನುಗಳೆಲ್ಲ ಸೈರನ್ ಕೂಗುತ್ತಿದ್ದವು. ತಿಂಗಳಿಗಿಷ್ಟು ಎಂದು ದುಡ್ಡು ಕಟ್ಟಿದವರಿಗೆ ಜಾಹೀರಾತಿಲ್ಲ, ಅವರು ಎಲ್ಲಿದ್ದಾರೆಂದು ಬೇರೆಯವರಿಗೆ ಕಾಣುವುದೂ ಇಲ್ಲ. ಪುಕ್ಕಟೆ ಬೇಕೆಂದರೆ ಜಾಹೀರಾತು ನೋಡಬೇಕು, ಲೊಕೇಶನ್ ಸದಾ ತೆರೆದಿರಬೇಕು. ತೋಟದ ಗುಂಪಿನಲ್ಲಿ ಹೀಗೆ ಪುಕ್ಕಟೆ ಇರುವ ಪ್ರತಿಯೊಬ್ಬರೂ ನನ್ನ ಕೈಲಿರುವ ಆಫೀಸಿನ ಫೋನಿನಲ್ಲೂ ಸಾಹುಕಾರರ ಫೋನಿನಲ್ಲೂ ನೀಲಿ ಚುಕ್ಕಿಯಾಗಿ ಓಡಾಡುತ್ತಿರುತ್ತಾರೆ. ಸಾಹುಕಾರರು ತಮ್ಮ ಫೋನಿಗೆ ದುಡ್ಡು ಕಟ್ಟಿದ್ದರು. ಆಳುಗಳಿಗೂ ಕಟ್ಟೋಣವೇ ಎಂದು ಕೇಳಿದೆ.

“ಫ್ರೀ ಇರೋದಕ್ಕೆ ದುಡ್ಡು ಯಾಕ್ರೀ? ಜಾಹೀರಾತು ತಾನೆ, ನೋಡಿದ್ರೆ ಕಣ್ಣೇನು ಸವೆಯುತ್ತಾ?” ಎಂದರು.

ಕೊಯ್ಲಿನ ಹೆಂಗಸರಲ್ಲಿ ಹಿರಿಯರೊಬ್ಬರಿದ್ದರು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು, ನಾನೂ. ಕಾಡಂಚಿನ ಕೊನೆಯ ಸಾಲಿಗೆ ಹೋಗಲು ಸಣ್ಣವರು ಹೆದರುತ್ತಿದ್ದರಿಂದ ಅದನ್ನು ಅವರೇ ಹಿಡಿಯುತ್ತಿದ್ದರು. ಜಾಹೀರಾತುಗಳೆಂದರೆ ಅವರಿಗೆ ಮೊದಮೊದಲು ತಮಾಷೆ. ಒಂದು ಬೆಳಿಗ್ಗೆ ಹಾಜರಿ ಹಾಕಿಸುತ್ತಾ ಫೋನನ್ನು ನನ್ನ ಮುಖಕ್ಕೆ ಹಿಡಿದರು.

“ನೋಡಿ ರೈಟ್ರೇ, ದಿನವಿಡೀ ಗುಡ್ಡ ಹತ್ತಿ ಇಳಿಯೋಳಿಗೆ ಬೊಜ್ಜು ಕರಗ್ಸೋ ಚಹಾ ಮಾರ್ತಾನೆ ಈ ಮಾರಾಯ.”

ವಾರ ಕಳೆಯುವಷ್ಟರಲ್ಲಿ ಚಹಾ ಹೋಗಿ ಬೇರೆಯದು ಬಂತು. ಅವರು ಎಲ್ಲಿರುತ್ತಾರೆಂದು ಅದಕ್ಕೆ ಗೊತ್ತಾಗಿತ್ತು. ‘ನಿಮ್ಮ ಹತ್ತಿರದಲ್ಲೇ, ಕಾಫಿ ತೋಟದ ನಡುವೆ ಒಂದು ರಾತ್ರಿ ತಂಗಿ’ ಎನ್ನುತ್ತಿತ್ತು. ಅದನ್ನೂ ಅವರು ಎಲ್ಲರಿಗೂ ಓದಿ ಹೇಳಿ ನಗಿಸಿದರು.

ಆ ನಗು ನಿಂತದ್ದು ಒಂದು ಸೋಮವಾರ. ಎರಡು ಚುಕ್ಕಿಗಳು ಹಳ್ಳದ ಕಡೆ ಹೋಗಿ ಅಲ್ಲೇ ನಿಂತಿದ್ದನ್ನು ಸಾಹುಕಾರರು ಊರಿನಿಂದಲೇ ಕಂಡು, ಮೇಸ್ತ್ರಿಗೆ ಫೋನ್ ಮಾಡಿ, ಯಾರವರು, ಏನು ಮಾಡ್ತಿದ್ದಾರೆ ಅಲ್ಲಿ ಎಂದು ಕೇಳಿದರು. ಮೇಸ್ತ್ರಿ ಹಾಗೆಯೇ ಕೂಗಿ ಕೇಳಿದ. ಬಯಲಿಗೆ ಹೋಗಿದ್ದ ಇಬ್ಬರು ಹುಡುಗಿಯರು ಎಲ್ಲರೆದುರು ತಲೆ ತಗ್ಗಿಸಿ ಬಂದರು. ಅವರಲ್ಲಿ ಒಬ್ಬಳು ಅಕ್ಕನ ಮಗಳು.

ಮಾರನೆಯ ದಿನದಿಂದ ಹೆಂಗಸರು ಫೋನುಗಳನ್ನು ಬುತ್ತಿ ಚೀಲದಲ್ಲಿಟ್ಟು, ಚೀಲಗಳನ್ನು ಯಾವಾಗಿನಂತೆ ನೆರಳಿನ ಸಿಲ್ವರ್ ಮರದ ಕೊಂಬೆಗೆ ತೂಗುಹಾಕಿ ಕೊಯ್ಲಿಗೆ ಹೋಗತೊಡಗಿದರು. ನನ್ನ ಮ್ಯಾಪಿನಲ್ಲಿ ಚುಕ್ಕಿಗಳೆಲ್ಲ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದರ ಮೇಲೊಂದು ಕೂತಿರುತ್ತಿದ್ದವು. ಆನೆ ಬಂದರೇನು ಮಾಡುತ್ತೀರಿ ಎಂದು ಅಕ್ಕನನ್ನು ಕೇಳಿದೆ.

“ಆನೆ ಯಾವಾಗ್ಲೋ ಬರ್ತದೆ ರೈಟ್ರೇ. ಈ ಕಣ್ಣು ದಿನಾ ಇರ್ತದಲ್ಲ” ಎಂದರು.

ಸಾಹುಕಾರರ ಹತ್ತಿರ ಮತ್ತೊಮ್ಮೆ ದುಡ್ಡಿನ ಮಾತೆತ್ತಿದೆ. ಕೊಯ್ಲು ಮುಗಿಯಲಿ, ನೋಡೋಣ ಎಂದರು.

ಕೊಯ್ಲು ಮುಗಿಯಲು ತೋಟದ ಇನ್ನೂ ಎರಡು ಬ್ಲಾಕ್ ಬಾಕಿಯಿತ್ತು. ಒಂದು ಗುರುವಾರ ಬೆಳಿಗ್ಗೆ, ಮಂಜು ಬಿಟ್ಟಿರಲಿಲ್ಲ. ನಾನು ಕಣದಲ್ಲಿ ಹಣ್ಣು ತೂಗಿಸುತ್ತಿದ್ದೆ. ಫೋನು ಕೂಗಿತು. ಪಕ್ಕದ ತೋಟದವರು ಗುರುತು ಹಾಕಿದ್ದರು: ಒಂಟಿ ಆನೆ, ನಮ್ಮ ಬೇಲಿಯ ಕಡೆ ಬರುತ್ತಿದೆ. ಬೆನ್ನಿಗೇ ಸಾಹುಕಾರರ ಕರೆ ಬಂತು.

“ನೋಡಿದೆ, ಎಲ್ರೂ ಒಂದೇ ಕಡೆ ಸೇರಿದ್ದಾರಲ್ಲ. ಗಾಬರಿ ಬೇಡ.”

“ಅವು ಚೀಲಗಳು ಸಾರ್” ಎಂದು ಹೇಳಿ ಓಡಿದೆ.

ದೂರದಿಂದಲೇ ಕೇಳುತ್ತಿತ್ತು. ಒಂದು ಮರದ ತುಂಬ ಸೈರನ್. ಹತ್ತಿರದ ಸಾಲುಗಳಲ್ಲಿದ್ದವರು ಅದನ್ನು ಕೇಳಿ ಕೆಳಗೆ ಓಡಿಬಂದು ರಸ್ತೆಯಲ್ಲಿ ನಿಂತಿದ್ದರು. ತಲೆ ಎಣಿಸಿದೆ. ಮತ್ತೆ ಎಣಿಸಿದೆ. ಅಕ್ಕನ ಮಗಳು ಗುಡ್ಡದ ಕಡೆ ತಿರುಗಿ ಅಮ್ಮಾ ಎಂದು ಕೂಗುತ್ತಿದ್ದಳು. ಕಾಡಂಚಿನ ಆ ಕೊನೆಯ ಸಾಲಿನವರೆಗೆ ಸೈರನ್ ಮುಟ್ಟಿರಲಿಲ್ಲ. ಕೂಗೂ ಮುಟ್ಟಲಿಲ್ಲ.

ಅಕ್ಕ ಸಿಕ್ಕಿದ್ದು ಬೇಲಿಯ ಪಕ್ಕದಲ್ಲಿ. ಸೊಂಟದ ಚೀಲದಲ್ಲಿ ಅರ್ಧದಷ್ಟು ಹಣ್ಣಿತ್ತು. ನನ್ನ ಡೈರಿಯ ಅಂದಿನ ಪುಟದಲ್ಲಿ ತಾರೀಖು ಮಾತ್ರ ಇದೆ.

ಫಾರೆಸ್ಟಿನವರು ಬಂದರು, ಪೊಲೀಸರು ಬಂದರು. ಆ್ಯಪ್ ಹಾಕಿಸಿಕೊಟ್ಟಿದ್ದೆವು, ಫೋನನ್ನು ಅವರೇ ಬಿಟ್ಟು ಹೋಗಿದ್ದರು ಎಂದು ಸಾಹುಕಾರರು ಹೇಳಿದರು. ಅದು ಸುಳ್ಳಲ್ಲ. ಯಾಕೆ ಬಿಟ್ಟು ಹೋದರೆಂದು ನಾನು ಹೇಳಿದೆ. ಅಧಿಕಾರಿ ಒಂದು ಕ್ಷಣ ಪೆನ್ನು ಎತ್ತಿಹಿಡಿದು, ಬರೆಯದೆ ಮುಂದಿನ ಪ್ರಶ್ನೆಗೆ ಹೋದರು.

ಅದೇ ವಾರ ಸಾಹುಕಾರರು ಎಲ್ಲರ ಫೋನಿಗೂ ದುಡ್ಡು ಕಟ್ಟಿದರು. ನನ್ನ ಮ್ಯಾಪಿನಿಂದ ಚುಕ್ಕಿಗಳು ಒಟ್ಟಿಗೆ ಮಾಯವಾದವು. ಒಂದು ಮಾತ್ರ ಉಳಿಯಿತು. ಅಕ್ಕನ ಫೋನಿಗೆ ಕಟ್ಟುವ ಅಗತ್ಯವಿರಲಿಲ್ಲ. ಚೀಲವನ್ನು ಯಾರೂ ಇಳಿಸಿರಲಿಲ್ಲವೋ, ಆರುವ ಮೊದಲು ಫೋನು ಕೊನೆಯದಾಗಿ ಹೇಳಿದ್ದು ಅದೇ ಜಾಗವೋ, ಚುಕ್ಕಿ ಸಿಲ್ವರ್ ಮರದ ಬುಡದಲ್ಲೇ ಇತ್ತು. ಪಕ್ಕದಲ್ಲಿ ಹಸಿರು ಅಕ್ಷರದಲ್ಲಿ ‘ಸುರಕ್ಷಿತ’ ಎಂದಿತ್ತು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಮಗಳು ಆ ಫೋನನ್ನು ಚಾರ್ಜ್ ಮಾಡಿ ಆಫೀಸಿಗೆ ತಂದಳು. ಅಮ್ಮನ ಫೋಟೋಗಳಿವೆ, ಫೋನು ತನಗೆ ಬೇಕು, ಆ ಆ್ಯಪನ್ನು ಮಾತ್ರ ತೆಗೆದುಕೊಡಿ ಎಂದಳು. ಗುಂಪಿನಿಂದ ಹೆಸರು ತೆಗೆಯಲು ಮೊದಲು ಆ್ಯಪ್ ತೆರೆಯಬೇಕಿತ್ತು. ತೆರೆದೆ. ಪರದೆ ತುಂಬ ಜಾಹೀರಾತು ಹರಡಿತು: ಹಸಿರು ಗಿಡಗಳು, ಮಂಜು, ನಿಮ್ಮ ಹತ್ತಿರದಲ್ಲೇ ಒಂದು ರಾತ್ರಿ. ಮುಚ್ಚುವ ಗುರುತು ಇನ್ನೂ ಬಂದಿರಲಿಲ್ಲ. ಮೂಲೆಯಲ್ಲಿ ಅಂಕಿಗಳು ಒಂದೊಂದಾಗಿ ಇಳಿಯುತ್ತಿದ್ದವು. ಅವಳು ಮೇಜಿನ ಅಂಚು ಹಿಡಿದು ನಿಂತಿದ್ದಳು. ಇಬ್ಬರೂ ಕಾದೆವು.