ತಾನಾಗಿ ಬಿದ್ದ ನಾಲ

ಹೋದ ವಾರ ನಮ್ಮ ಹೊಸ್ತಿಲು ಬದಲಿಸಲು ಬಂದ ಬಡಗಿ, ಹಳೆಯದಕ್ಕೆ ಬಡಿದಿದ್ದ ಕುದುರೆಯ ನಾಲವನ್ನು ಬಿಚ್ಚಿ, ಮಣ್ಣು ಒರೆಸಿ ಕೇಳಿದ: “ಸರ, ಇದು ತಾನಾಗಿ ಬಿದ್ದ ನಾಲ ಹೌದಲ್ರಿ? ಕಾಲಿಂದ ಕಿತ್ತದ್ದಾದ್ರ ಹೊಸ ಹೊಸ್ತಿಲಿಗೆ ಬಡಿಯೂದಿಲ್ರಿ ನಾವು.”

ಓಡುವ ಕುದುರೆಯ ಕಾಲಿನಿಂದ ತಾನಾಗಿ ಕಳಚಿದ ನಾಲ ಮನೆಗೆ ಒಳ್ಳೆಯದು ಎಂಬುದು ನಮ್ಮ ಕಡೆಯ ನಂಬಿಕೆ. ಅವನು ಹಿಡಿದಿದ್ದ ನಾಲವನ್ನು ಮುಟ್ಟಿ ನೋಡಿದೆ. ಕೈಗೆ ಹತ್ತಿದ ತುಕ್ಕಿನ ವಾಸನೆ ಮೂಗಿಗೆ ಬಡಿದು ಅವರು ನೆನಪಾದರು...

ನರಗುಂದದ ಸಂತೆಯ ಬೇವಿನ ಮರದ ಕೆಳಗೆ ಕುದುರೆ, ಎತ್ತುಗಳಿಗೆ ನಾಲ ಕಟ್ಟುತ್ತಿದ್ದವರು. ಊರಿಗೆಲ್ಲ ಅವರು ನಾಲಬಂದ ಚಾಚಾ. ಆಗ ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ವರ್ಷಕ್ಕೊಮ್ಮೆ ಕುದುರೆ ಶರ್ಯತ್ತು ನಡೆಯುತ್ತಿತ್ತು. ನರಗುಂದದಿಂದ ಹೊರಟು, ಕೊಣ್ಣೂರಿನ ಸೇತುವೆ ಮುಟ್ಟಿ ತಿರುಗಿ ಬರಬೇಕು. ಸಾಲಿ ಮಾಸ್ತರನಾದ ನಾನು ಜೀಪಿನಲ್ಲಿ ಮೈಕು ಹಿಡಿದು ಕೂರುತ್ತಿದ್ದೆ. ಮೈಕು ಸಿಕ್ಕರೆ ಬಿಡದ ಚಟ ನನ್ನದು.

ಒಂದು ವರ್ಷ, ಎಲ್ಲಕ್ಕಿಂತ ಮುಂದೆ ಬಂದ ಕುದುರೆ ಗೆರೆ ದಾಟಿದ್ದೇ ಮುಗ್ಗರಿಸಿ ಬಿತ್ತು. ಮಂದಿ ಸವಾರನನ್ನು ಹೆಗಲ ಮೇಲೆ ಹೊತ್ತು ಗುಲಾಲು ಎರಚಿದರು. ನಾನು “ಗಂಡುಗಲಿ ಕುದುರೆ” ಎಂದು ಕೂಗುತ್ತಲೇ ಇದ್ದೆ. ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವರು ಚಾಚಾ ಒಬ್ಬರೇ. ಅದು ಮತ್ತೆ ಏಳಲಿಲ್ಲ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಕೆಯಾಗುತ್ತದೆ.

ಮರುವರ್ಷ ಸೇತುವೆಯವರೆಗೆ ಮುಂದಿದ್ದದ್ದು ಜಕ್ಕಲಿಯ ಬಿಳಿ ಹೆಣ್ಣು ಕುದುರೆ. ಅಲ್ಲಿ ಕುದುರೆಗಳಿಗೆ ನೀರು ಕುಡಿಸಿ, ಚಾಚಾ ಕಾಲು ನೋಡಿದ ಮೇಲೆಯೇ ಮುಂದೆ ಬಿಡುವುದು ವಾಡಿಕೆ. ಬಿಳಿ ಕುದುರೆ ನೀರು ಮೂಸಿ ಸುಮ್ಮನಾಯಿತು. ಚಾಚಾ ಅದರ ಕುತ್ತಿಗೆಯ ಚರ್ಮ ಚಿವುಟಿ ಬಿಟ್ಟರು. ಎದ್ದ ಮಡಿಕೆ ಹಾಗೆಯೇ ನಿಂತಿತು; ಮೈಯ ನೀರು ಆರಿದ ಗುರುತು ಅದು. ಇದನ್ನು ಇಲ್ಲಿಗೇ ನಿಲ್ಲಿಸಿ ಎಂದು ಮಾಲಕನಿಗೆ ಮೆಲ್ಲಗೆ ಹೇಳಿದರು. ಅವನು ಕೇಳಲಿಲ್ಲ. ಊರಿಗೆ ಊರೇ ಬಂದು ನರಗುಂದದಲ್ಲಿ ಕಾಯುತ್ತಿದೆ, ದಣಿಯಿತೆಂದು ನಿಲ್ಲಿಸಿದರೆ ಮುಖ ಎಲ್ಲಿಡಲಿ ಎಂದ. ನೀನು ನಾಲ ನೋಡು, ಸಾಕು ಎಂದು ಹೇಳಿ, ಸವಾರನನ್ನೂ ಕರೆದುಕೊಂಡು ಚಹಾ ಕುಡಿಯಲು ಹೋದ.

ಚಾಚಾ ಕುದುರೆಯ ಹಿಂಗಾಲನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡರು. ಇಕ್ಕಳ ಹಾಕಿ, ತಾವೇ ಮೂರು ದಿನದ ಹಿಂದೆ ಬಡಿದಿದ್ದ ಮೊಳೆಗಳನ್ನು ಒಂದೊಂದಾಗಿ ಎಳೆದರು. ನಾನು ಜೀಪಿನಿಂದ ನೋಡುತ್ತಿದ್ದೆ. ಅವರು ಬಂದು ನಾಲವನ್ನು ನನ್ನ ಪಕ್ಕದಲ್ಲಿಟ್ಟರು.

“ಮಾಸ್ತರ್ರ, ನಾಲ ಕಳಚಿ ಬಿತ್ತು ಅಂತ ಹೇಳ್ರಿ ಮೈಕಿನ್ಯಾಗ.”

ನಾಲ ಬಿದ್ದ ಕುದುರೆ ಶರ್ಯತ್ತಿನಿಂದ ಹೊರಗೆ, ಅದು ಶರ್ಯತ್ತು ನಡೆಸುವ ಪಂಚರ ಕಟ್ಟಳೆ. ಆದರೆ ನಿಮ್ಮ ಹೆಸರು ಕೆಡುತ್ತದಲ್ಲ ಎಂದೆ.

“ದಣಿದೈತಿ ಅಂದ್ರ ಹೊಡದ್ ಹೊಡದ್ ಓಡಸ್ತಾರ್ರಿ. ನಾಲ ಬಿದ್ದೈತಿ ಅಂದ್ರ ಬೈಗಳ ನನಗ ಬರ್ತಾವ, ಕುದುರಿ ಉಳೀತದ.”

ನಾನು ಹೇಳಿದೆ. ಎಂದಿನಂತೆ ಗಟ್ಟಿಯಾಗಿಯೇ ಹೇಳಿದೆ.

ಬೈಗಳು ಬಂದವು. ಮಾಲಕ ಅವರ ಕೊರಳಪಟ್ಟಿ ಹಿಡಿದ. ಆ ದಿನದಿಂದ ಯಾರೂ ಅವರ ಹತ್ತಿರ ಕುದುರೆ ತರಲಿಲ್ಲ. ಅರ್ಧ ದಾರಿಗೆ ನಾಲ ಉದುರಿಸುವವ ಎಂದು ಸಂತೆಯಲ್ಲಿ ನಕ್ಕರು. ಖರೇ ಸಂಗತಿ ನನಗೊಬ್ಬನಿಗೇ ಗೊತ್ತಿತ್ತು. ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದು ಸುಮ್ಮನಿದ್ದೆ. ಜೀಪಿನಲ್ಲೇ ಉಳಿದಿದ್ದ ಆ ನಾಲವನ್ನು ಮನೆಗೆ ಒಯ್ದು, ಹೆಂಡತಿಗೂ ತಾನಾಗಿ ಬಿದ್ದದ್ದು ಎಂದೇ ಹೇಳಿದ್ದೆ. ಅವಳು ಅರಿಷಿಣ ಹಚ್ಚಿ ಹೊಸ್ತಿಲಿಗೆ ಬಡಿಸಿದಳು.

ಚಾಚಾ ಕೆಲವು ದಿನ ಎತ್ತುಗಳ ಮೇಲೆ ಹೊಟ್ಟೆ ಹೊರೆದರು. ಟ್ರಾಕ್ಟರು ಹೆಚ್ಚಿದ ಮೇಲೆ ಅದೂ ನಿಂತು, ಗಜೇಂದ್ರಗಡದ ಮಗಳ ಮನೆ ಸೇರಿದರು. ಒಮ್ಮೆ ಅಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ನಾನು ಏನೇನೋ ತೊದಲಿದೆ. ಅವರು ಕೇಳಿದ್ದು ಒಂದೇ.

“ಆ ಬಿಳಿ ಕುದುರಿ ಹ್ಯಾಂಗೈತ್ರಿ?”

ಚೆನ್ನಾಗಿದೆ, ಮರಿ ಹಾಕಿದೆ ಎಂದೆ. “ಚಲೋ ಆತು ಬಿಡ್ರಿ” ಎಂದು ಬಸ್ಸು ಹತ್ತಿದರು. ಆಮೇಲೆ ಅವರನ್ನು ನಾನು ಕಾಣಲಿಲ್ಲ... ತೀರಿಕೊಂಡರೆಂಬ ಸುದ್ದಿ ಬಂದಾಗ ಮಣ್ಣಾಗಿ ತಿಂಗಳು ಕಳೆದಿತ್ತು.

ಬಡಗಿ ಇನ್ನೂ ಮೊಳೆ ಹಿಡಿದು ಕಾಯುತ್ತಿದ್ದ. ಹೆಂಡತಿ ಒಳಗಿನಿಂದ, ಅದು ತಾನಾಗಿ ಬಿದ್ದದ್ದು, ಬಡಿಯಪ್ಪಾ ಎಂದಳು.

“ಅಲ್ಲ,” ಎಂದೆ. “ಕಿತ್ತದ್ದು.”

ಯಾರು ಕಿತ್ತರು, ಯಾಕೆ ಕಿತ್ತರು ಎಂದೂ ಹೇಳಿದೆ. ಮೈಕಿಲ್ಲದೆ, ಇಬ್ಬರ ಮುಂದೆ. ಹೆಂಡತಿ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದಿದ್ದಳು. ಬಡಗಿ ನಾಲವನ್ನು ನನ್ನ ಕೈಗೆ ಕೊಟ್ಟು, ಹೊಸ ಹೊಸ್ತಿಲನ್ನು ಬರಿದಾಗಿಯೇ ಕೂರಿಸಿ ಹೋದ.